ನೀರಿನ ಹದ

ಬಸ್ಸು ಮಾಚೇನಹಳ್ಳಿ ತಲುಪುವ ಹೊತ್ತಿಗೆ ಕಲ್ಲಮ್ಮ ಮೂರನೆಯ ಸಲ ಸೀರೆಯನ್ನು ಒಂದಿಷ್ಟು ಮೇಲಕ್ಕೆಳೆದು ಮೊಣಕಾಲಿನ ಕೆಳಗೆ ಉಗುರಿನಿಂದ ಗೀರಿ ನೋಡಿಕೊಂಡಳು. ಬೆರಳಿಗೆ ಕಾಲು ಸಿಕ್ಕಿತು, ಕಾಲಿಗೆ ಬೆರಳು ಸಿಗಲಿಲ್ಲ. ಇನ್ನೊಂದು ಸಲ ಗೀರಿದಳು, ಸ್ವಲ್ಪ ಜೋರಾಗಿ. ಬಿಳಿಯ ಗೆರೆಯೊಂದು ಮೂಡಿತು, ಅಷ್ಟೆ. ಪಕ್ಕದಲ್ಲಿ ಕೂತಿದ್ದ, ಕೊರಳಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ ಹಾಕಿಕೊಂಡಿದ್ದ ಹುಡುಗಿ ಅತ್ತ ನೋಡಿದ್ದು ಕಂಡು ಗಡಬಡಿಸಿ ಸೀರೆ ಇಳಿಬಿಟ್ಟಳು. ‘ಸೊಳ್ಳೆ ಕಣವ್ವ’ ಎಂದಳು. ಹುಡುಗಿ ಏನೂ ಕೇಳಿರಲಿಲ್ಲ. ಕೇಳದವರಿಗೆ ಸುಳ್ಳು ಹೇಳುವ ಮಟ್ಟಕ್ಕೆ ಬಂದೆನಲ್ಲ ಎಂದು ಕಲ್ಲಮ್ಮನಿಗೆ ತನ್ನ ಮೇಲೆಯೇ ರೇಗಿತು. ಹುಡುಗಿ ಸ್ಟಾಪು ಬಂದಾಗ ಇಳಿದುಹೋದಳು. ಖಾಲಿಯಾದ ಸೀಟಿನ ಮೇಲೆ ಕಲ್ಲಮ್ಮ ತನ್ನ ಬಟ್ಟೆಯ ಚೀಲ ಇಟ್ಟಳು. ಅದರಲ್ಲಿ ಒಂದು ಹಳೆಯ ಸೀರೆ, ಒಂದು ಟವೆಲು, ಎಲೆಯಡಿಕೆಯ ಸಂಚಿ ಇದ್ದವು.

ಇವತ್ತು ಹೇಳಿಬಿಡಬೇಕು. ಹೀಗೆಂದು ಅವಳು ಮಂಗಳವಾರವೂ ಇದೇ ಬಸ್ಸಿನಲ್ಲಿ ಅಂದುಕೊಂಡಿದ್ದಳು, ಬುಧವಾರವೂ, ನಿನ್ನೆಯೂ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅವಳು ಕೂಸಿಗೆ ನೀರು ಹಾಕಲು ಹೋಗುವ ಮನೆಯ ಮೆಟ್ಟಿಲು ಹತ್ತುವತನಕ ಮಾತು ಬಾಯಲ್ಲೇ ಇರುತ್ತಿತ್ತು. ಬಾಗಿಲು ತೆಗೆದ ವೀರಮ್ಮ ‘ಬಂದ್ಯಾ ಕಲ್ಲಮ್ಮ, ನೀನ್ ಬಂದ್ರೆ ನಂಗೊಂದು ಧೈರ್ಯ ನೋಡು’ ಅನ್ನುತ್ತಿದ್ದ ಹಾಗೆ ಎತ್ತಲೋ ಹೋಗಿಬಿಡುತ್ತಿತ್ತು. ಹೇಳುವುದಾದರೂ ಏನೆಂದು? ನನ್ನ ಕಾಲಿಗೆ ಬಿಸಿ, ತಣ್ಣಗೆ ಯಾವುದೂ ತಿಳಿಯುತ್ತಿಲ್ಲ ಎಂದೇ? ಉಪ್ಪು ಖಾರ ನಾಲಿಗೆಗೆ ಹತ್ತುವುದಿಲ್ಲ ಎಂದು ಅಡುಗೆ ಭಟ್ಟನೇ ಹೇಳಿಕೊಂಡರೆ ಅವನನ್ನು ಯಾರು ಮದುವೆ ಮನೆಗೆ ಕರೆದಾರು. ಮೂವತ್ತು ವರ್ಷದಿಂದ ಭದ್ರಾವತಿಯಲ್ಲೂ ಶಿವಮೊಗ್ಗದಲ್ಲೂ ಎಷ್ಟು ಮನೆಯ ಕೂಸುಗಳಿಗೆ ನೀರು ಹಾಕಿದ್ದಾಳೋ ಅವಳಿಗೇ ನೆನಪಿಲ್ಲ. ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮೇಲೆತ್ತಿ ಕಟ್ಟಿ, ಎರಡೂ ಕಾಲು ನೀಡಿ ಕೂತರೆ ಆ ಕಾಲುಗಳ ಮೇಲೆಯೇ ಕೂಸು. ಚೊಂಬಿನ ನೀರನ್ನು ಮೊದಲು ತನ್ನ ಕಾಲಿಗೆ ಹನಿಸಿಕೊಳ್ಳಬೇಕು. ಕೈಯನ್ನು ನಂಬಬಾರದು, ದಿನಾ ಬಿಸಿನೀರಲ್ಲಿ ಬೆಂದ ಕೈ ಎಂಥ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಮೊಣಕಾಲಿನ ಕೆಳಗಿನ ಚರ್ಮ ಬಿಸಿಲು ಕಾಣದ್ದು, ಕೆಲಸ ಕಾಣದ್ದು, ಅದಕ್ಕೆ ಮಾತ್ರ ಕೂಸಿನ ಮೈಯ ಕಷ್ಟ ತಿಳಿಯುತ್ತದೆ ಎಂದು ಈ ಕೆಲಸ ಕಲಿಸಿದ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಕಾಲು ಸೈ ಅಂದ ಮೇಲೆ ಕೂಸಿಗೆ. ಎಷ್ಟೋ ಮನೆಗಳಲ್ಲಿ ‘ಕಲ್ಲಮ್ಮನ ಕಾಲು’ ಎಂದೇ ಹೆಸರಾಗಿತ್ತು. ಬಸುರಿಗೆ ಏಳು ತಿಂಗಳು ತುಂಬುವ ಮೊದಲೇ ಬಂದು ಹೇಳಿಟ್ಟು ಹೋಗುತ್ತಿದ್ದರು.

ಹೋದ ಸೋಮವಾರ ಸಾಯಂಕಾಲ ಅವಳು ಕಾಲು ತೊಳೆದು ಒಳಗೆ ಬಂದಾಗ ಸೊಸೆ ಅನುಷಾ ಹುರಳಿಕಾಯಿ ಮುರಿಯುತ್ತ ಕೂತಿದ್ದವಳು ತಲೆಯೆತ್ತಿ ನೋಡಿ, ‘ಅತ್ತೆ, ಕಾಲು ಸುಟ್ಕೊಂಡ್ರಾ?’ ಎಂದಿದ್ದಳು. ಬಲಗಾಲಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ನೀರುಗುಳ್ಳೆ. ಎಡಗಾಲಿನ ಮೇಲೆ ಅಂಗೈಯಗಲ ಕೆಂಪು. ಕಲ್ಲಮ್ಮ ತನ್ನ ಕಾಲನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡಿದಳು. ‘ಒಲೆ ಮೇಲಿನ ಸಾರು ಸಿಡಿದಿತ್ತು’ ಎಂದಳು. ಅವತ್ತು ಸಾರು ಮಾಡಿದ್ದು ಅನುಷಾ. ಅವಳು ಹುರಳಿಕಾಯಿ ಬದಿಗಿಟ್ಟು, ಆರು ತಿಂಗಳ ಹೊಟ್ಟೆ ಹಿಡಿದು ಎದ್ದುಬಂದು ಹತ್ತಿರದಿಂದ ನೋಡಿದಳು. ‘ಉರಿ ಇಲ್ವಾ ಅತ್ತೆ? ಶುಗರ್ ಇರೋರಿಗೆ ಕಾಲು ಸತ್ತಂಗೆ ಆಗುತ್ತಂತೆ. ಡಾಕ್ಟರಿಗೆ ತೋರಿಸ್ಬೇಕು.’ ಆ ಹುಡುಗಿಯ ದನಿಯಲ್ಲಿ ಕೊಂಕಿರಲಿಲ್ಲ. ಆದರೂ ಕಲ್ಲಮ್ಮನಿಗೆ ಕೊಂಕು ಕೇಳಿಸಿತು. ಹಿಂದಿನ ತಿಂಗಳಷ್ಟೇ ಅನುಷಾ ಮೆಲ್ಲಗೆ, ಬಹಳ ಮರ್ಯಾದೆಯಿಂದಲೇ, ‘ಅತ್ತೆ, ನಮ್ ಮಗೂಗೆ ಆಸ್ಪತ್ರೆಯೋರು ಹೇಳ್ದಂಗೆ ನಾನೇ ಸ್ನಾನ ಮಾಡಿಸ್ತೀನಿ, ನೀವು ಬೇಜಾರ್ ಮಾಡ್ಕೋಬೇಡಿ’ ಎಂದಿದ್ದಳು. ಊರ ಕೂಸುಗಳಿಗೆಲ್ಲ ಆದ ಕಾಲು ಸ್ವಂತ ಮೊಮ್ಮಗುವಿಗೆ ಆಗಿಬರಲಿಲ್ಲ. ಆ ಮಾತು ಒಂದು ತಿಂಗಳಾದರೂ ಎದೆಯಿಂದ ಇಳಿದಿರಲಿಲ್ಲ. ಸೋಮವಾರ ಕಲ್ಲಮ್ಮ ‘ನಿಂಗೆ ಮೊಬೈಲಲ್ಲಿ ಕಂಡಿದ್ದೆಲ್ಲ ನಿಜ’ ಎಂದು ಸಿಡುಕಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಸೀರೆಯ ಪಿನ್ನು ತೆಗೆದು ಮೊಣಕಾಲಿನ ಕೆಳಗೆ ಚುಚ್ಚಿದಳು. ಪಿನ್ನು ಒಳಗೆ ಹೋದದ್ದು ಕಣ್ಣಿಗೆ ಕಂಡಿತು. ಒಂದು ಹನಿ ರಕ್ತ ಬಂತು. ನೋವು ಬರಲೆಂದು ಅವಳು ಸ್ವಲ್ಪ ಹೊತ್ತು ಕಾದಳು.

ಆಗಲೇ ಅವಳಿಗೆ ಅವತ್ತಿನ ಬೆಳಗು ನೆನಪಾದದ್ದು. ಪ್ರಣವ ಕಿರುಚಿದ್ದ. ಅವನು ವೀರಮ್ಮನ ಮಗಳು ಸುಮನಾಳ ಮಗು, ನಲವತ್ತು ದಿನದ ಕೂಸು. ಕೂಸುಗಳು ನೀರಿಗೆ ಅಳುವುದು ಬೇರೆ, ಕಿರುಚುವುದು ಬೇರೆ, ಮೂವತ್ತು ವರ್ಷದ ಕಿವಿಗೆ ಅದು ತಿಳಿಯದ್ದೇನಲ್ಲ. ತಿಳಿದೂ ‘ಅಳ್ಲಿ ಬಿಡ್ರಿ ಅಮ್ಮಾರೆ, ಅತ್ರೆ ಎದೆ ಗಟ್ಟಿಯಾಗುತ್ತೆ’ ಎಂದು ಇನ್ನೊಂದು ಚೊಂಬು ಎತ್ತಿದ್ದಳು. ಅದಕ್ಕಿಂತ ಮೊದಲು, ಹದಿನೈದು ದಿನದಿಂದ, ನೀರು ಸಾಲದು, ಇನ್ನೂ ಕಾಯಬೇಕು ಎಂದು ವರಾತ ಹಚ್ಚಿದ್ದವಳೂ ಅವಳೇ. ‘ಸೌದೆ ಹಸಿ ಇದೆ ಅಮ್ಮಾರೆ, ನೀರು ಕಾಲಿಗೇ ಹತ್ತಲ್ಲ, ಕೂಸಿಗೇನು ಹತ್ತುತ್ತೆ?’ ಎಂದು ಕೂಗಿ ಹೇಳಿದರೆ ವೀರಮ್ಮ ಬಂದು ಒಲೆಗೆ ಇನ್ನೆರಡು ಕೊರಡು ತುರುಕಿ ಹೋಗುತ್ತಿದ್ದರು. ಮಾಡಿನ ಮೇಲೆ ಸೋಲಾರ್, ಗೋಡೆಗೆ ಗೀಸರ್ ಎಲ್ಲ ಇದ್ದರೂ ಬಾಣಂತಿಗೂ ಮಗುವಿಗೂ ತಾಮ್ರದ ಹಂಡೆಯ ನೀರೇ ಆಗಬೇಕೆಂದು ಆ ಮನೆಯಲ್ಲಿ ಹಳೆಯ ಬಚ್ಚಲೊಲೆಯನ್ನು ಉಳಿಸಿಕೊಂಡಿದ್ದರು. ಪಾಪದ ಸೌದೆಯನ್ನು ಅವಳು ಎಷ್ಟೊಂದು ಬೈದಿದ್ದಳು.

ಮಂಗಳವಾರ ಹೇಳಬಹುದಿತ್ತು. ಮಂಗಳವಾರ ಕೂಸಿನ ಬೆನ್ನು ಬರೀ ಕೆಂಪಗಿತ್ತು, ಅಷ್ಟೇ. ಆದರೆ ಮಂಗಳವಾರ ಅವಳಿಗೆ ಬೇರೊಂದು ಉಪಾಯ ಹೊಳೆಯಿತು. ಹೇಳುವುದೇಕೆ, ಮೊಣಕೈ ಅದ್ದಿ ನೋಡಿದರಾಯಿತು. ವೀರಮ್ಮ ಅತ್ತ ತಿರುಗಿದಾಗ ಬಕೆಟ್ಟಿಗೆ ಮೊಣಕೈ ಇಳಿಸಿದಳು. ಮೊಣಕೈಗೆ ಇನ್ನೂ ಜೀವವಿತ್ತು. ಆದರೆ ವೀರಮ್ಮ ತಿರುಗಿ ನೋಡಿದರು, ನಕ್ಕರು. ‘ಇದೇನ್ ಕಲ್ಲಮ್ಮ, ಚೊಚ್ಚಲ ಬಾಣಂತಿ ಥರ ಮೊಣಕೈ ಅದ್ದುತೀಯ? ಆ ಆಸ್ಪತ್ರೆ ನರ್ಸು ಹೇಳಿಕೊಟ್ಲಾ ನಿಂಗೆ?’ ಎಂದರು. ತಮಾಷೆಯ ಮಾತು. ಕಲ್ಲಮ್ಮನೂ ನಕ್ಕು, ‘ಸೋಪು ಬಿದ್ದಿತ್ತು ಅಮ್ಮಾರೆ’ ಎಂದು ಕೈ ತೆಗೆದಳು. ಮೊಣಕೈ ಅದ್ದಿಯೇ ಹದ ನೋಡಿದ್ದರೆ ಏನು ಹೋಗುತ್ತಿತ್ತು ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡಿದ್ದಾಳೋ. ಒಂದು ನಗೆಗೆ ಗುರಿಯಾಗಬೇಕಿತ್ತು, ಅಷ್ಟೆ. ಅದನ್ನು ತಡೆದುಕೊಳ್ಳಲಾರದೆ ಅಂದಾಜಿನ ಮೇಲೆ ತಣ್ಣೀರು ಬೆರೆಸಿದಳು. ಜಾಸ್ತಿ ಬೆರೆಸಿದಳು. ಕೂಸಿನ ತುಟಿ ನೀಲಿಗಟ್ಟಿ ನಡುಗಿತು. ‘ಥಂಡಿ ಹಿಡಿದೀತು ಮಾರಾಯ್ತಿ, ಏನಾಗಿದೆ ನಿಂಗೆ’ ಎಂದು ವೀರಮ್ಮ ಮೊದಲ ಸಲ ಗದರಿದರು. ಮೂವತ್ತು ವರ್ಷದಲ್ಲಿ ಯಾರೂ ಅವಳಿಗೆ ನೀರು ತಣ್ಣಗಾಯಿತೆಂದು ಗದರಿರಲಿಲ್ಲ. ಬುಧವಾರ ಆ ಗದರಿಕೆ ಕಿವಿಯಲ್ಲಿದ್ದುದರಿಂದ ತಣ್ಣೀರು ಕಮ್ಮಿ ಬೆರೆಸಿದಳು. ಬುಧವಾರ ಕೂಸಿನ ಬೆನ್ನ ಕೆಳಗೆ, ಸೊಂಟದ ಹತ್ತಿರ, ನೀರುಗುಳ್ಳೆ ಎದ್ದಿತು. ಅವಳ ಕಾಲಿನ ಮೇಲಿದ್ದಂಥದೇ ಗುಳ್ಳೆ.

ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಇಳಿದು ನಡೆಯುವಾಗ ಕಾಲು ನೆಲಕ್ಕೆ ಮುಟ್ಟಿದ್ದು ಮಂಡಿಯ ಅದುರಿನಿಂದ ಮಾತ್ರ ತಿಳಿಯುತ್ತಿತ್ತು. ಇದೂ ಎಷ್ಟು ದಿನದಿಂದ ಹೀಗಿದೆಯೋ. ಚಪ್ಪಲಿ ಕಳಚಿಕೊಂಡದ್ದು ಗೊತ್ತಾಗದೆ ಹೋದ ತಿಂಗಳು ಗಾಂಧಿ ಬಜಾರಿನಲ್ಲಿ ಒಂದು ಕಾಲು ಬರಿಗಾಲಾಗಿ ಅರ್ಧ ಬೀದಿ ನಡೆದಿದ್ದಳು. ಒಬ್ಬ ಬಳೆ ಅಂಗಡಿಯವನು ಕರೆದು ಹೇಳಿದ್ದ. ವಯಸ್ಸಾಯಿತು ಎಂದು ನಕ್ಕಿದ್ದಳು. ಗೊತ್ತಿರಲಿಲ್ಲ ಎನ್ನುವುದು ಎಲ್ಲಿಯತನಕ ನಿಜ? ಸೋಮವಾರದತನಕ ನಿಜ. ಅಲ್ಲ, ಚಪ್ಪಲಿಯತನಕ. ಅಲ್ಲ, ಅದಕ್ಕೂ ಹಿಂದೆ ಮಂಡಿಯ ಕೆಳಗೆ ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತಿದ್ದ ದಿನಗಳಿದ್ದವು, ಆಗಲೇ ಗೊತ್ತಾಗಬೇಕಿತ್ತು. ಆದರೆ ಆ ದಿನಗಳದ್ದು ದೇವರು ನೋಡಿಕೊಳ್ಳಲಿ. ಸೋಮವಾರದಿಂದ ಈಚಿನದು ಅವಳದು. ತಿಳಿದೂ ಮೂರು ದಿನ ಕೂಸಿನ ಮೈಗೆ ನೀರು ಮುಟ್ಟಿಸಿದ್ದಾಳೆ, ಇವತ್ತಿನದು ನಾಲ್ಕನೆಯದು.

ಬಾಗಿಲು ತೆರೆದೇ ಇತ್ತು. ವೀರಮ್ಮನ ಗಂಡ ಹಾಲಸ್ವಾಮಿ ಆಗಲೇ ಗಾಂಧಿ ಬಜಾರಿನ ಬಟ್ಟೆ ಅಂಗಡಿಗೆ ಹೋಗಿದ್ದರು. ವೀರಮ್ಮ ಹಜಾರದಲ್ಲಿ ಕೂತು ಡಬ್ಬಿಯ ಹಾಲಿನ ಪುಡಿ ಕಲಸುತ್ತಿದ್ದರು. ಹಣೆಯ ವಿಭೂತಿ ಇನ್ನೂ ಒದ್ದೆಯಿತ್ತು. ‘ಬಾ ಕಲ್ಲಮ್ಮ. ನೋಡು, ಕುಡಿಯಲ್ಲ ಅಂತಾನೆ. ಅದೇನು ಹಟ ಇಷ್ಟು ಪುಟ್ಟದಕ್ಕೆ’ ಎಂದರು. ಕೂಸು ತೊಟ್ಟಿಲಲ್ಲಿ ಅತ್ತು ಅತ್ತು ದನಿ ಹೋಗಿ ಬರೀ ಬಾಯಿ ತೆರೆಯುತ್ತಿತ್ತು. ಬುಧವಾರ ಸಂಜೆಯಿಂದ ಅದಕ್ಕೆ ತಾಯಿಯ ಹಾಲಿಲ್ಲ. ಕಾರಣ ಗೋಬಿ ಮಂಚೂರಿ. ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಳಿಯ ವಿಜಯೇಂದ್ರ ಭಾನುವಾರ ಹೆಂಡತಿ ಮಗುವನ್ನು ನೋಡಲು ಬಂದವನು, ತಿಂಗಳಿನಿಂದ ಬರೀ ಮೆಣಸಿನ ಸಾರನ್ನ ಉಂಡು ನಾಲಿಗೆ ಸತ್ತುಹೋಗಿದೆ ಎಂದು ಅಳುತ್ತಿದ್ದ ಹೆಂಡತಿಗೆ, ಅತ್ತೆಯ ಕಣ್ಣು ತಪ್ಪಿಸಿ ಒಂದು ಪೊಟ್ಟಣ ಕೊಟ್ಟು ಹೋಗಿದ್ದ. ಆ ಕೆಂಪು ಬಣ್ಣ ಮೆತ್ತಿದ ಪೊಟ್ಟಣ ಬುಧವಾರ ಮಂಚದ ಕೆಳಗೆ ಗುಡಿಸುವಾಗ ಸಿಕ್ಕಿತು. ಬುಧವಾರವೇ ಕೂಸಿನ ಮೈಮೇಲೆ ಗುಳ್ಳೆ ಸಿಕ್ಕಿತು. ಎರಡನ್ನೂ ಒಟ್ಟಿಗೆ ಹಿಡಿದು ನೋಡಿದ ವೀರಮ್ಮನಿಗೆ ಇನ್ನೇನೂ ಬೇಕಾಗಲಿಲ್ಲ. ಬಾಣಂತಿ ತಿಂದ ವಿಷ ಮಗುವಿನ ಮೈಯಲ್ಲಿ ಎದ್ದಿದೆ, ಆ ಹಾಲು ಇನ್ನು ಬೇಡ.

ಬುಧವಾರ ಮಧ್ಯಾಹ್ನ ಚರ್ಮದ ಡಾಕ್ಟರಿಗೂ ತೋರಿಸಿದ್ದರು. ಮರುದಿನ ವೀರಮ್ಮನೇ ಅದನ್ನು ನಗುತ್ತ ಹೇಳಿದ್ದರು. ಡಾಕ್ಟರು ಇನ್ನೂ ಚಿಕ್ಕ ಹುಡುಗಿಯಂತೆ. ಬೆನ್ನು ನೋಡಿದ ಕೂಡಲೇ ‘ಇದು ಬಿಸಿನೀರು’ ಎಂದಳಂತೆ. ಕೂಸಿನ ಚರ್ಮ ಬಹಳ ತೆಳು, ದೊಡ್ಡವರಿಗೆ ಹಿತವಾಗುವ ಬಿಸಿಯೂ ಅದಕ್ಕೆ ಸುಡುತ್ತದೆ, ಉಗುರು ಬೆಚ್ಚಗಿನ ನೀರು ಸಾಕು, ಐದು ನಿಮಿಷ ಸಾಕು, ಕಡಲೆಹಿಟ್ಟು ತಿಕ್ಕಬೇಡಿ, ಲೋಬಾನದ ಹೊಗೆ ಬೇಡ, ಟವೆಲಿನಲ್ಲಿ ಉಜ್ಜಬೇಡಿ, ಒತ್ತಿ ಒರೆಸಿ ಎಂದಳಂತೆ. ತಾಯಿಯ ಹಾಲು ಮಾತ್ರ ಯಾವ ಕಾರಣಕ್ಕೂ ಬಿಡಿಸಬೇಡಿ ಎಂದಳಂತೆ. ‘ನಾನ್ ಅಂದೆ, ನೋಡವ್ವ, ನಮ್ಮನೇಲಿ ನೀರು ಹಾಕೋಳು ಕಲ್ಲಮ್ಮ. ನೀನ್ ಹುಟ್ಟೋಕ್ಕಿಂತ ಮುಂಚಿನಿಂದ ಹಾಕ್ತಿದಾಳೆ. ಇದೇ ಮಗೂ ತಾಯಿಗೂ ಅವಳೇ ಹಾಕಿದ್ದು. ಒಂದು ದಿನ ಒಂದು ಗೀರು ಆಗಿಲ್ಲ ಅಂದೆ. ಸುಮ್ನಾದ್ಲು.’ ಹೀಗೆ ಹೇಳಿ ವೀರಮ್ಮ ಕಲ್ಲಮ್ಮನ ಭುಜ ತಟ್ಟಿದ್ದರು. ನಿಜವನ್ನು ಹೇಳಬೇಕಾದವರು ಆಗಲೇ ಹೇಳಿಯಾಗಿತ್ತು. ಅದನ್ನು ಸುಳ್ಳು ಮಾಡಲು ಕಲ್ಲಮ್ಮ ಬಾಯಿ ತೆರೆಯಬೇಕಾಗಿಯೂ ಬರಲಿಲ್ಲ, ಅವಳ ಹೆಸರೊಂದೇ ಸಾಕಾಯಿತು. ಗುರುವಾರ ಅವಳು ಆ ಹೊಗಳಿಕೆಯನ್ನು ಹೊತ್ತುಕೊಂಡೇ ಬಚ್ಚಲಿಗೆ ಹೋಗಿ, ಕೂಸಿಗೆ ಬರೀ ಒದ್ದೆ ಬಟ್ಟೆ ಹಿಂಡಿ ಒರೆಸಿ, ‘ಗುಳ್ಳೆ ಇದೆ ಅಮ್ಮಾರೆ, ಇವತ್ತು ನೀರು ಬೇಡ’ ಎಂದು ಹೇಳಿ ಬಂದಿದ್ದಳು. ಬಟ್ಟೆ ಅದ್ದಿದ ನೀರೂ ಬಿಸಿಯೇ ಇತ್ತೋ ಏನೋ, ಒರೆಸಿದ ಕಡೆ ಸಿಪ್ಪೆ ಎದ್ದಿತು.

‘ಮೊದ್ಲು ಅವಳನ್ನ ನೋಡ್ಬಿಟ್ಟು ಬಾ’ ಎಂದರು ವೀರಮ್ಮ ಒಳಕೋಣೆಯ ಕಡೆ ಗಲ್ಲ ತಿರುಗಿಸಿ. ‘ಎದೆ ಕಲ್ಲಾಗಿದೆ ಅಂತ ಬೆಳಿಗ್ಗೆಯಿಂದ ಒಂದೇ ರಗಳೆ. ನಾಲಿಗೆ ಹತೋಟಿ ಇಲ್ದೋರಿಗೆ ಇದೇ ಆಗೋದು.’

ಸುಮನಾ ಮಂಚದ ಅಂಚಿನಲ್ಲಿ ಕೂತಿದ್ದಳು. ತಲೆಗೆ ಕಟ್ಟಿದ ಬಟ್ಟೆ ಜಾರಿತ್ತು. ಮಡಿಲಲ್ಲಿ ಒಂದು ಸ್ಟೀಲ್ ಲೋಟ, ಅದರಲ್ಲಿ ಅರ್ಧದಷ್ಟು ಹಾಲು. ರವಿಕೆಯ ಎರಡೂ ಕಡೆ ಒದ್ದೆ. ‘ಚೆಲ್ಲು ಅಂತಾರೆ ಅಮ್ಮ. ಬಚ್ಚಲಿಗೆ ಚೆಲ್ಲಬೇಡ, ತುಳಿದಾರು, ಗಿಡಕ್ಕೆ ಹಾಕು ಅಂತಾರೆ’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಲ್ಲಮ್ಮನಿಗೆ ಹೆದರಿಕೆಯಾದದ್ದು. ಬುಧವಾರ ಈ ಹುಡುಗಿ ತಾಯಿಯ ಮೇಲೆ ಕೂಗಾಡಿದ್ದಳಂತೆ, ಡಾಕ್ಟರು ಹೇಳಿದ್ದು ಕೇಳಿಸಲಿಲ್ಲವಾ ಎಂದಿದ್ದಳಂತೆ. ಈಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಿದ್ದಳು. ‘ಕಲ್ಲಮ್ಮಜ್ಜಿ, ನಾನ್ ತಿಂದಿದ್ದು ನಾಲ್ಕು ತುಂಡು. ನಾಲ್ಕೇ. ಅದ್ರಲ್ಲಿ ಬಣ್ಣ ಹಾಕಿರ್ತಾರೆ ಅಲ್ವಾ? ಹಾಲಲ್ಲಿ ಬರುತ್ತಾ ಅದು? ರಾತ್ರಿ ಎಲ್ಲಾ ಯೋಚನೆ ಮಾಡ್ದೆ. ಅವ್ನು ಕುಡಿತಾ ಇದ್ದ, ನನ್ನ ಮುಖನೇ ನೋಡ್ತಾ ಕುಡಿತಾ ಇದ್ದ, ನಾನು ಅವ್ನಿಗೆ ವಿಷ ಕೊಡ್ತಾ ಇದ್ನಾ?’

‘ಹಂಗೇನಿಲ್ಲ ಬಿಡವ್ವ’ ಎಂದಳು ಕಲ್ಲಮ್ಮ.

‘ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತೀಯ. ನೀನ್ ಒಳ್ಳೇಳು.’

ಒಳ್ಳೆಯವಳು ಎನ್ನುವ ಮಾತಿಗೆ ಕಲ್ಲಮ್ಮನ ಮುಖ ಬಿಸಿಯಾಯಿತು. ಈ ಹುಡುಗಿಯ ಮೂಗನ್ನು ಎಣ್ಣೆ ಹಚ್ಚಿ ತೀಡಿ ನೆಟ್ಟಗೆ ಮಾಡಿದವಳು ಅವಳೇ. ಹಣೆಗೆ ಕೈಯಿಟ್ಟು ನೀರು ಕಣ್ಣಿಗೆ ಹೋಗದಂತೆ ತಡೆದವಳು ಅವಳೇ. ಅವಾಗ ಕಾಲಿಗೆ ಬೆಳಗಿನ ಸಿಮೆಂಟಿನ ತಣ್ಣನೆಯೂ ತಿಳಿಯುತ್ತಿತ್ತು, ಕೂಸು ಉಚ್ಚೆ ಹೊಯ್ದರೆ ಆ ಬೆಚ್ಚಗೂ ತಿಳಿಯುತ್ತಿತ್ತು, ಅದಕ್ಕೆ ತಾಯಂದಿರೆಲ್ಲ ನಗುತ್ತಿದ್ದರು. ಇಲ್ಲೇ ಹೇಳಿಬಿಡಲೇ, ಇವಳೊಬ್ಬಳಿಗೇ? ಇವಳಿಗೆ ಹೇಳಿದರೆ ಇವಳು ತಾಯಿಗೆ ಹೇಳುತ್ತಾಳೆ, ತಾಯಿ ಬೀದಿಗೆ ಹೇಳುತ್ತಾಳೆ, ಭದ್ರಾವತಿಗೆ ಸುದ್ದಿ ಬಸ್ಸಿಗಿಂತ ಬೇಗ ಮುಟ್ಟುತ್ತದೆ. ಅನುಷಾ ಕೇಳಿ ಏನೂ ಅನ್ನುವುದಿಲ್ಲ. ಅವಳು ಏನೂ ಅನ್ನದೆ ಕಾಲಿಗೆ ಔಷಧಿ ಹಚ್ಚುತ್ತಾಳೆ, ಅದೇ ತಡೆಯಲಾಗದ್ದು. ಕಲ್ಲಮ್ಮ ಸುಮನಾಳ ತಲೆಯ ಬಟ್ಟೆ ಸರಿಮಾಡಿ ಕಟ್ಟಿದಳು. ‘ಕೂಸಿಗೆ ನೀರು ಹಾಕಿ ಬರ್ತೀನಿ’ ಎಂದು ಹೇಳಿ ಹೊರಗೆ ಬಂದಳು.

ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ಮುಚ್ಚಳ ಸಣ್ಣಗೆ ಕುಣಿಯುತ್ತಿತ್ತು. ಮಣೆಯ ಪಕ್ಕದಲ್ಲಿ ಬಕೆಟ್ಟು, ತಣ್ಣೀರಿನ ಕೊಳಗ, ಚೊಂಬು, ಬಟ್ಟಲಲ್ಲಿ ಕಡಲೆಹಿಟ್ಟು, ಎಲ್ಲವನ್ನೂ ವೀರಮ್ಮ ಎಂದಿನಂತೆ ಜೋಡಿಸಿಟ್ಟಿದ್ದರು. ಕಲ್ಲಮ್ಮ ಹಳೆಯ ಸೀರೆ ಉಟ್ಟು, ಗೋಡೆ ಹಿಡಿದು ಮೆಲ್ಲಗೆ ಮಣೆಯ ಮೇಲೆ ಕೂತು ಕಾಲು ನೀಡಿದಳು. ಬಲಗಾಲಿನ ಗುಳ್ಳೆ ಒಡೆದು ಒಣಗಿತ್ತು, ಅದರ ಮೇಲೆ ಸೀರೆಯ ಅಂಚನ್ನು ಎಳೆದುಕೊಂಡಳು. ವೀರಮ್ಮ ಕೂಸನ್ನು ತಂದು ಅವಳ ಕಾಲುಗಳ ಮೇಲೆ ಬೋರಲು ಮಲಗಿಸಿದರು. ಕಲ್ಲಮ್ಮ ಅದನ್ನು ಕಣ್ಣಾರೆ ನೋಡಿದಳು. ಕೂಸಿನ ಹೊಟ್ಟೆ ತನ್ನ ಎರಡು ಕಾಲಿನ ನಡುವಿನ ತಗ್ಗಿನಲ್ಲಿತ್ತು, ಪುಟ್ಟ ಮೊಣಕೈ ತನ್ನ ಮೀನಖಂಡವನ್ನು ಒತ್ತುತ್ತಿತ್ತು. ಏನೂ ತಿಳಿಯಲಿಲ್ಲ. ಬಿಸಿ ತಿಳಿಯುವುದಿಲ್ಲ ಎಂದು ಗೊತ್ತಿತ್ತು, ಕೂಸಿನ ಭಾರವೂ ತಿಳಿಯುತ್ತಿಲ್ಲ ಎಂದು ಇವತ್ತೇ ಗೊತ್ತಾದದ್ದು. ಕಣ್ಣು ಮುಚ್ಚಿದರೆ ಕಾಲ ಮೇಲೆ ಕೂಸಿದೆಯೋ ಜಾರಿದೆಯೋ ಹೇಳಲಾರಳು. ಬೆನ್ನು ನೋಡಿದಳು. ಸೊಂಟದ ಗುಳ್ಳೆ ಒಡೆದು ಹಸಿ ಹಸಿಯಾಗಿತ್ತು. ಅದರ ಸುತ್ತ ಹಳೆಯ ಗೋಡೆಯ ಸುಣ್ಣದ ಹಾಗೆ ಚರ್ಮ ಪದರ ಎದ್ದಿತ್ತು. ಗಾಳಿ ತಾಗಿದ್ದಕ್ಕೇ ಕೂಸು ಮುದುಡಿಕೊಂಡಿತು. ನೀರು ಕಾಣುವ ಮೊದಲೇ, ಬಚ್ಚಲ ವಾಸನೆಗೇ ಅದು ನಡುಗುತ್ತಿತ್ತು. ನಲವತ್ತು ದಿನದ ಜೀವ ತನ್ನನ್ನು ಗುರುತು ಹಿಡಿದಿದೆ ಎಂದು ಕಲ್ಲಮ್ಮನಿಗೆ ಅನ್ನಿಸಿತು. ಅವಳಿಗೆ ಅಳು ಬಂತು.

‘ಅಮ್ಮಾರೆ, ಇದು ನಂದು’ ಎಂದಳು.

‘ಏನದು?’

‘ಕೂಸಿನ ಬೆನ್ನು. ಗೋಬಿ ಅಲ್ಲ. ನಾನು. ನನ್ ಕಾಲಿಗೆ ಬಿಸಿ ಗೊತ್ತಾಗಲ್ಲ ಈಗ. ಶುಗರ್ ಅಂತೆ. ಕಾಲು ಸತ್ತೋಗಿದೆ. ಆ ಡಾಕ್ಟರಮ್ಮ ಹೇಳಿದ್ದೇ ಸರಿ, ನಾನೇ ಸುಟ್ಟಿದ್ದು.’

ವೀರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು. ಅವರ ಮುಖದಲ್ಲಿ ಒಂದು ಬಗೆಯ ಮರುಕ ಬಂತು. ‘ಅವ್ಳು ಕಳಿಸಿದ್ಲಾ?’ ಎಂದರು. ‘ಕೋಣೆಯಲ್ಲಿ ಕೂತು ಅತ್ತು ಕರೆದು ಹೇಳಿಕೊಟ್ಟು ಕಳಿಸಿದ್ಲಾ ನಿನ್ನ? ನೀನ್ ಅವ್ಳನ್ನ ಎತ್ತಿ ಆಡಿಸಿದೋಳು, ಸಂಕಟ ಆಗುತ್ತೆ, ನಂಗೊತ್ತು. ಹಂಗಂತ ಅವ್ಳ ತಪ್ಪನ್ನ ನೀನ್ ತಲೆ ಮೇಲೆ ಹಾಕ್ಕೋಬೇಡ.’

‘ಅವ್ಳು ಏನೂ ಹೇಳಿಲ್ಲ ಅಮ್ಮಾರೆ. ನಿಜವಾಗ್ಲೂ.’

‘ಕಲ್ಲಮ್ಮ, ನಿನ್ ಕಾಲ್ ನಂಗೊತ್ತಿಲ್ವಾ? ನನ್ ಮಗಳನ್ನ ಮಲಗಿಸಿಕೊಂಡಿದ್ದ ಕಾಲು. ಹಾಕು ನೀರು, ಥಂಡಿ ಆಗುತ್ತೆ. ಕತೆ ಆಮೇಲೆ ಹೇಳು.’ ಅವರು ಬಗ್ಗಿ ಬಕೆಟ್ಟಿಗೆ ಹಂಡೆಯ ನೀರು ತೋಡಿ ಹಾಕಿದರು. ತಣ್ಣೀರು ಬೆರೆಸಲಿಲ್ಲ, ಅದು ಕಲ್ಲಮ್ಮನ ಕೆಲಸ.

ಒಂದು ಕ್ಷಣ, ನಾಚಿಕೆಯ ಮಾತೆಂದರೆ, ಕಲ್ಲಮ್ಮನಿಗೆ ಹಗುರವಾಯಿತು. ಹೇಳಿಯಾಯಿತಲ್ಲ. ನಂಬದಿದ್ದರೆ ಅವರ ಕರ್ಮ. ಈಗ ಮೊಣಕೈ ಅದ್ದಿ, ಯಾರು ನಕ್ಕರೂ ಸರಿ ಎಂದು ಹದ ಮಾಡಿ ಎರಡು ಚೊಂಬು ಹಾಕಿ ಎದ್ದು ಹೋಗಬಹುದು. ನಾಳೆ ಮೈಗೆ ಹುಷಾರಿಲ್ಲ ಎಂದು ಬರದೆ ಇರಬಹುದು. ಕಲ್ಲಮ್ಮನ ಕಾಲು ಕಲ್ಲಮ್ಮನ ಕಾಲಾಗಿಯೇ ಉಳಿಯುತ್ತದೆ. ಒಳಗೆ ಆ ಹುಡುಗಿ ಲೋಟದಲ್ಲಿ ಹಾಲು ಹಿಂಡುತ್ತ, ತಾನು ಮಗುವಿಗೆ ವಿಷ ಕುಡಿಸಿದೆನೆಂದು ಬದುಕಿರುವತನಕ ನಂಬುತ್ತಾಳೆ. ಮುಂದೆ ಆ ಮಗುವಿಗೆ ಕೆಮ್ಮಾದರೂ ಜ್ವರವಾದರೂ ತನ್ನನ್ನೇ ಹುಡುಕಿಕೊಳ್ಳುತ್ತಾಳೆ. ಹಗುರವಾದದ್ದು ಅಷ್ಟೇ ಬೇಗ ಹೋಯಿತು.

‘ಕೂಸನ್ನ ತಗೊಳ್ಳಿ’ ಎಂದಳು.

‘ಯಾಕೆ?’

‘ತಗೊಳ್ಳಿ ಅಮ್ಮಾರೆ, ಒಂದ್ ನಿಮಿಷ.’

ದನಿಯಲ್ಲಿ ಏನಿತ್ತೋ, ವೀರಮ್ಮ ಕೂಸನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡರು. ಕಲ್ಲಮ್ಮ ಹಂಡೆಯ ಮುಚ್ಚಳ ಸರಿಸಿ ಚೊಂಬು ಅದ್ದಿದಳು. ಹಬೆ ಮುಖಕ್ಕೆ ಹೊಡೆಯಿತು, ಮುಖಕ್ಕೆ ಅದು ಚೆನ್ನಾಗಿಯೇ ತಿಳಿಯಿತು. ಸೀರೆಯನ್ನು ಮಂಡಿಯ ಮೇಲಕ್ಕೆ ಎಳೆದುಕೊಂಡು, ಕೂಸಿಗೆ ಹಾಕುವಷ್ಟೇ ನಿಧಾನವಾಗಿ, ಮಂಡಿಯ ಕೆಳಗಿನಿಂದ ಪಾದದತನಕ ಎಡಗಾಲಿನ ಮೇಲೆ ಸುರಿದುಕೊಂಡಳು. ನೀರು ಹರಿದ ದಾರಿಯಲ್ಲಿ ಹಬೆ ಎದ್ದಿತು. ಅವಳು ವೀರಮ್ಮನ ಮುಖವನ್ನೇ ನೋಡುತ್ತಿದ್ದಳು. ಕಲ್ಲಮ್ಮ ಮುಖ ಸಿಂಡರಿಸಲಿಲ್ಲ, ಸಿಂಡರಿಸುವಂಥದ್ದೇನೂ ಆಗಿರಲಿಲ್ಲ. ‘ನೋಡಿ’ ಎಂದಳು. ಇನ್ನೊಂದು ಚೊಂಬಿಗೆ ಕೈ ಚಾಚಿದಾಗ ವೀರಮ್ಮ ‘ಬೇಡ, ಬೇಡ, ಸಾಕು’ ಎಂದು ಒಂದು ಕೈಯಿಂದ ಚೊಂಬು ಕಿತ್ತುಕೊಂಡರು. ಕಾಲಿನ ಚರ್ಮ ಅವರ ಕಣ್ಣೆದುರಿಗೇ ಕೆಂಪಾಗಿ ಊದತೊಡಗಿತು. ಇಷ್ಟಾದರೂ ತನ್ನೊಳಗೆ ಎಲ್ಲೋ ಒಂದು ಕಡೆ, ನೋಡಿದಿರಾ ಎನ್ನುವ ಹೆಮ್ಮೆಯೊಂದು ಇಣುಕಿದ್ದನ್ನು ಕಲ್ಲಮ್ಮ ಕಂಡುಕೊಂಡಳು. ಅದು ಅವಳಿಗೆ ಅಸಹ್ಯವಾಯಿತು.

ಸದ್ದಿಗೆ ಸುಮನಾ ಬಚ್ಚಲ ಬಾಗಿಲಿಗೆ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಕಾಲನ್ನು ನೋಡಿದಳು, ಹಂಡೆಯನ್ನು ನೋಡಿದಳು, ತಾಯಿಯ ಸೆರಗಿನಲ್ಲಿದ್ದ ಮಗುವನ್ನು ನೋಡಿದಳು. ತಾಯಿಯ ಕೈಯಿಂದ ಮಗುವನ್ನು ತೆಗೆದುಕೊಂಡಳು. ವೀರಮ್ಮ ಕೊಟ್ಟರು. ಸುಮನಾ ಅಲ್ಲೇ, ಹೊಸ್ತಿಲ ಮೇಲೆ ಕುಸಿದು ಕೂತು, ರವಿಕೆ ಬಿಚ್ಚಿ ಎದೆಗೆ ಹಚ್ಚಿಕೊಂಡಳು. ಮಗು ಒಂದೆರಡು ಸಲ ತಡಕಾಡಿ ಬಾಯಿ ಹಾಕಿತು. ಹಾಲು ಅದರ ಗಲ್ಲದಿಂದ ಇಳಿಯಿತು. ನುಂಗುವ ಸದ್ದು ಬಚ್ಚಲಲ್ಲೆಲ್ಲ ಕೇಳುತ್ತಿತ್ತು.

ವೀರಮ್ಮ ಗೋಡೆಗೆ ಒರಗಿ ನಿಂತಿದ್ದರು. ಮಗಳ ಕಡೆ ನೋಡಲಾರದೆ ಕಲ್ಲಮ್ಮನ ಕಡೆ ತಿರುಗಿ, ಒಣಗಿದ ದನಿಯಲ್ಲಿ, ‘ಅಯ್ಯೋ ಮಾರಾಯ್ತಿ, ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ, ಇಷ್ಟ್ ಬಿಸಿ ಸುರ್ಕೋಬೇಕಾ. ಪಾಪ, ನಿಂಗೇನ್ ಗೊತ್ತು, ಕಾಯಿಲೆ ಬಂದ್ರೆ ಯಾರ್ ಏನ್ ಮಾಡೋಕಾಗುತ್ತೆ. ಕೂತಿರು, ಕೊಬ್ಬರಿ ಎಣ್ಣೆ ತರ್ತೀನಿ’ ಎಂದರು. ಬಾಯಲ್ಲಿ ಹೇಳಿದ್ದು ಅವರಿಗೆ ಆಗಲೇ ಮರೆತುಹೋಗಿತ್ತು. ಅವರು ಒಳಗೆ ಹೋದರು.

ಕಲ್ಲಮ್ಮ ಸುಮನಾಳ ಮುಖವನ್ನು ನೋಡಿದಳು. ಅಲ್ಲಿ ಏನೋ ಒಂದನ್ನು, ಬಿಡುಗಡೆಯನ್ನೋ, ಕಣ್ಣೀರನ್ನೋ, ಕಲ್ಲಮ್ಮಜ್ಜಿ ಎನ್ನುವ ದನಿಯನ್ನೋ ಅವಳು ಕಾಯುತ್ತಿದ್ದಳು. ಅದಕ್ಕಾಗಿಯೇ ಸುರಿದುಕೊಂಡೆನೇ ಎನ್ನುವ ಅನುಮಾನ ಬಂದು ಕಣ್ಣು ಕೆಳಗೆ ಹಾಕಿದಳು. ಸುಮನಾ ಮಗುವಿನ ಹಸಿ ಬೆನ್ನಿಗೆ ಕೈ ತಾಗದಂತೆ ಅದರ ತಲೆಯನ್ನು ಹಿಡಿದಿದ್ದಳು. ಕತ್ತೆತ್ತಲಿಲ್ಲ.

‘ಯಾವಾಗ ಗೊತ್ತಾಯ್ತು ನಿಂಗೆ?’ ಎಂದಳು.

ಇವತ್ತು ಬೆಳಿಗ್ಗೆ ಎಂದರೆ ಸಾಕಾಗಿತ್ತು. ನಂಬುತ್ತಿದ್ದರು. ವೀರಮ್ಮ ಆಗಲೇ ನಂಬಿ ಎಣ್ಣೆ ತರಲು ಹೋಗಿದ್ದಾರೆ. ಕಾಯಿಲೆ ಬಂದ ಪಾಪದ ಮುದುಕಿ, ಗೊತ್ತಾದ ಕೂಡಲೇ ಕಾಲು ಸುಟ್ಟುಕೊಂಡು ಹೇಳಿದಳು ಎಂದು ಬೀದಿಯಲ್ಲಿ ಹೇಳುತ್ತಾರೆ, ಕಾಫಿ ಕೊಟ್ಟು ಆಟೋ ಹತ್ತಿಸಿ ಕಳಿಸುತ್ತಾರೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಳಗೆ ಕಪಾಟಿನ ಬಾಗಿಲು ತೆಗೆದ ಸದ್ದಾಯಿತು.

‘ಸೋಮವಾರ’ ಎಂದಳು ಕಲ್ಲಮ್ಮ. ‘ಸೋಮವಾರ ಸಾಯಂಕಾಲ.’

ಸುಮನಾ ತಲೆಯೆತ್ತಿದಳು. ಅವಳ ತುಟಿ ಅಲುಗಿತು. ಮಂಗಳವಾರ, ಬುಧವಾರ, ಗುರುವಾರ ಎಂದು ಒಂದೊಂದೇ ದಿನವನ್ನು ಅವಳು ದನಿಯಿಲ್ಲದೆ ಹೇಳಿಕೊಳ್ಳುತ್ತಿರುವುದು ಕಲ್ಲಮ್ಮನಿಗೆ ಕಾಣುತ್ತಿತ್ತು. ಎಣ್ಣೆಯ ಬಟ್ಟಲು ಹಿಡಿದು ಬಂದ ವೀರಮ್ಮ ಮಗಳ ಮುಖ ನೋಡಿ ಬಾಗಿಲಲ್ಲೇ ನಿಂತರು.

‘ಅಮ್ಮ, ಆ ಎಣ್ಣೆ ಒಳಗಿಡು’ ಎಂದಳು ಸುಮನಾ.